ಒಬ್ಬೊಬ್ಬರ ಓದು

ಕನ್ನಡ ಶಾಲೆಯ ಒಂದನೇ ತರಗತಿಗೆ ಅದರದೇ ಒಂದು ರಾಗವಿದೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ’ ಎಂದು ಇಡೀ ತರಗತಿ ಒಟ್ಟಿಗೆ ಹೇಳುತ್ತಿದ್ದರೆ ಹೊಲಕ್ಕೆ ಹೊರಟವರೂ ಒಂದು ಗಳಿಗೆ ನಿಂತು ಕೇಳಿ, ‘ಮಿಸ್ಸು ಚೆನ್ನಾಗಿ ಪಾಠ ಮಾಡ್ತಾರೆ’ ಅಂದುಕೊಂಡು ಮುಂದೆ ಹೋಗುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಸೇರಿದಾಗ ಆ ರಾಗ ನನಗೂ ಇಷ್ಟವಾಗಿತ್ತು. ಈಗಲೂ ಇಷ್ಟ. ಆದರೆ ನಲವತ್ತು ಬಾಯಿಗಳಲ್ಲಿ ಯಾವುದು ಓದುತ್ತಿದೆ, ಯಾವುದು ಪಕ್ಕದವರ ದನಿಯನ್ನು ಅರೆಗಳಿಗೆ ತಡವಾಗಿ ಹಿಡಿದುಕೊಂಡು ಹೋಗುತ್ತಿದೆ ಎಂಬುದು ಆ ರಾಗದೊಳಗೆ ಕೇಳಿಸುವುದಿಲ್ಲ.

ಹಾಗೆ ಕೇಳಿಸದೆ ಉಳಿದಿದ್ದ ಹುಡುಗನೊಬ್ಬ ಎರಡನೇ ತರಗತಿಯಲ್ಲಿದ್ದ. ಪುಸ್ತಕದ ಯಾವ ಪಾಠ ತೆಗೆದುಕೊಟ್ಟರೂ ಮೊದಲಿಂದ ಕೊನೆಯವರೆಗೆ ಗಟ್ಟಿ ದನಿಯಲ್ಲಿ, ಬೆರಳಿಟ್ಟು ಓದುತ್ತಿದ್ದ. ಮಳೆ ಹಿಡಿದು ಹಾಜರಿ ಕಡಿಮೆಯಾಗಿದ್ದ ಒಂದು ಮಧ್ಯಾಹ್ನ ಇದ್ದ ಕೆಲವು ಮಕ್ಕಳನ್ನು ಚಾಪೆಯ ಮೇಲೆ ನನ್ನ ಹತ್ತಿರವೇ ಕೂರಿಸಿಕೊಂಡಿದ್ದೆ. ಆಗ ಅವನ ಬೆರಳು ನನ್ನ ಕಣ್ಣಿಗೆ ಬಿತ್ತು. ಬಾಯಿ ನಾಲ್ಕನೇ ಸಾಲಿನಲ್ಲಿತ್ತು, ಬೆರಳು ಇನ್ನೂ ಎರಡನೆಯದರಲ್ಲಿ. ನಡುವಿನ ಒಂದು ಪದ ತೋರಿಸಿ ‘ಇದೇನು?’ ಎಂದೆ. ಅವನು ಗಾಬರಿಯಾಗಲಿಲ್ಲ. ಪಾಠದ ಮೊದಲಿಗೆ ಹೋದ, ಅಲ್ಲಿಂದ ಬಾಯಲ್ಲೇ ಹೇಳಿಕೊಂಡು ಬಂದ, ಆ ಪದ ಬರಬೇಕಾದ ಜಾಗದಲ್ಲಿ ನಿಂತು ‘ಮರ’ ಎಂದ. ಸರಿಯಾಗಿಯೇ ಹೇಳಿದ್ದ. ಆದರೆ ‘ಮ’ ಯಾವುದು, ‘ರ’ ಯಾವುದು ಅವನಿಗೆ ಗೊತ್ತಿರಲಿಲ್ಲ.

ಇಂಥ ಮಗುವನ್ನು ದಡ್ಡ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಡೀ ಪುಸ್ತಕವನ್ನು ಕಿವಿಯಿಂದಲೇ ಕಲಿತು ಮನಸ್ಸಿನಲ್ಲಿ ಇಟ್ಟುಕೊಂಡವನು ಅವನು. ಅವನ ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಆದರೆ ಸೋಬಾನೆ ಪದ ಹೇಳುವ ಅಜ್ಜಿ ಇದ್ದರು. ಕೇಳಿ ನೆನಪಿಡುವ ಆ ಶಕ್ತಿ ಅಲ್ಲಿಂದ ಬಂದದ್ದು. ಶಾಲೆ ಅದನ್ನು ಬಳಸಿಕೊಳ್ಳಬೇಕಿತ್ತು, ಅಷ್ಟೇ. ಅದಕ್ಕೆ ಮೊದಲು ಯಾರಾದರೂ ಅವನ ಬೆರಳನ್ನು ನೋಡುವಷ್ಟು ಹತ್ತಿರ ಕೂರಬೇಕಿತ್ತು.

ಹಾಗೆ ಹತ್ತಿರ ಕೂರಲು ದಾರಿ ಮಾಡಿಕೊಟ್ಟ ‘ನಲಿ–ಕಲಿ’ ಪದ್ಧತಿ ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದ್ದು 1995ರಲ್ಲಿ. ಈಗ ರಾಜ್ಯದ ತುಂಬ ಗೊತ್ತಿರುವ ಆ ಹೆಸರು ಮೊದಲು ಕೇಳಿಬಂದದ್ದು ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಎಂಬುದು ಈಗಿನ ಎಷ್ಟೋ ಶಿಕ್ಷಕರಿಗೆ ತಿಳಿದಿಲ್ಲ. ಯುನಿಸೆಫ್ ನೆರವಿನಿಂದ ಇಲ್ಲಿಯ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿದ್ದರು. ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಜಾಗದ ಸುತ್ತಲಿನ ಸಣ್ಣ ಹಳ್ಳಿ ಶಾಲೆಗಳಲ್ಲಿ ರಾಮಾ ಮತ್ತು ಪದ್ಮನಾಭ ರಾವ್ ದಂಪತಿ ಬೇರೆಯೇ ಥರದ ಕಲಿಕೆಯನ್ನು ರೂಪಿಸಿದ್ದರು. ಒಬ್ಬರೇ ಶಿಕ್ಷಕರು, ಹಲವು ವಯಸ್ಸಿನ ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ. ಪಾಠಪುಸ್ತಕವನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು ಕಾರ್ಡು ಮಾಡಿ, ಆ ಕಾರ್ಡುಗಳನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ನೋಡಿ ಬಂದ ನಮ್ಮವರು ಸುಮ್ಮನೆ ಕೂರಲಿಲ್ಲ. ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ತಾವೇ ಕೂತು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಮೇಲಿನಿಂದ ಇಳಿದುಬಂದ ಯೋಜನೆಗಳ ನಡುವೆ ಶಿಕ್ಷಕರ ಕೈಯಿಂದಲೇ ಎದ್ದ ಕೆಲಸ ಅದು. ತರಬೇತಿಗೆ ಹೋಗಿ ಬಂದ ಮೇಲೆ ನಾನು ಬೆಂಚುಗಳನ್ನು ಪಕ್ಕದ ಕೋಣೆಗೆ ಸಾಗಿಸಿ ನೆಲಕ್ಕೆ ಚಾಪೆ ಹಾಸಿದೆ.

ನಲಿ–ಕಲಿ ಕೋಣೆ ನೋಡದವರಿಗೆ ಒಂದಿಷ್ಟು ಹೇಳಬೇಕು. ಕೋಣೆಯಲ್ಲಿ ಐದು ಗುಂಪು. ಹೊಸದನ್ನು ಕಲಿಯುವ ಮಕ್ಕಳು ಪೂರ್ತಿ ಶಿಕ್ಷಕರ ಜೊತೆ. ಸ್ವಲ್ಪ ಗೊತ್ತಾದವರು ಅರ್ಧ ಶಿಕ್ಷಕರ ನೆರವಿನಲ್ಲಿ. ಅಲ್ಲಿಂದ ಮುಂದೆ ಗೆಳೆಯರ ನೆರವು ಪೂರ್ತಿ ಬೇಕಾದವರು, ಅರ್ಧ ಬೇಕಾದವರು. ಕೊನೆಗೆ ತಾವೇ ಕೆಲಸ ಮಾಡಿಕೊಳ್ಳುವವರು. ಮಗು ಗೋಡೆಯ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ನೋಡುತ್ತದೆ, ಚಿತ್ರದ ಗುರುತು ಹಿಡಿದು ತನ್ನ ಕಾರ್ಡು ಹುಡುಕಿ ತಂದು, ಆ ಕೆಲಸದ ಗುಂಪಿಗೆ ಹೋಗಿ ಕೂರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವ ಹಲಗೆ, ತಲೆಯ ಮೇಲೆ ಅವರೇ ಬರೆದ, ಬಿಡಿಸಿದ ಕಾಗದಗಳನ್ನು ತೂಗುಹಾಕುವ ದಾರದ ಚಪ್ಪರ. ಒಂದು ಮತ್ತು ಎರಡನೇ ತರಗತಿಯವರು ಒಟ್ಟಿಗೇ.

ಏಣಿಯ ಗುಣ ನನಗೆ ಮನವರಿಕೆಯಾದದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ನಮ್ಮ ಕಡೆಯ ಆದಿವಾಸಿ ಹಾಡಿಗಳಿಂದ ಎಷ್ಟೋ ಸಂಸಾರಗಳು ಆ ಸಮಯದಲ್ಲಿ ಕೊಡಗಿನ ತೋಟಗಳಿಗೆ ಹೋಗುತ್ತವೆ. ಮಕ್ಕಳನ್ನು ಬಿಟ್ಟುಹೋಗಲು ಯಾರೂ ಇರುವುದಿಲ್ಲ, ಅವೂ ಹೋಗುತ್ತವೆ. ಹೊಗೆಸೊಪ್ಪು, ಹತ್ತಿಯ ಕೆಲಸದ ದಿನಗಳಲ್ಲಿ ಊರಿನ ಮಕ್ಕಳೂ ಹಾಗೆಯೇ ಮಾಯ. ಹಿಂದೆ ಅವರು ತಿರುಗಿ ಬರುವ ಹೊತ್ತಿಗೆ ಪುಸ್ತಕ ಹತ್ತಾರು ಪುಟ ಮುಂದೆ ಹೋಗಿರುತ್ತಿತ್ತು. ಅವರು ಹಿಂದಿನ ಸಾಲಿನಲ್ಲಿ ಕೂತು ರಾಗಕ್ಕೆ ಬಾಯಿ ಸೇರಿಸುತ್ತಿದ್ದರು, ಒಂದು ದಿನ ಬರುವುದನ್ನೇ ನಿಲ್ಲಿಸುತ್ತಿದ್ದರು. ಏಣಿ ಬಂದ ಮೇಲೆ ಒಬ್ಬ ಹುಡುಗಿ ಕೊಡಗಿನಿಂದ ಬಂದವಳೇ ನೇರ ಗೋಡೆಯ ಹತ್ತಿರ ಹೋಗಿ, ತಾನು ಬಿಟ್ಟುಹೋದ ಮೆಟ್ಟಿಲಿನ ಮೇಲೆ ಬೆರಳಿಟ್ಟು ‘ಮಿಸ್, ನಂದು ಇಲ್ಲೇ ಅದೆ’ ಎಂದಳು. ಅವಳ ಜಾಗವನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಇನ್ನು ಅಕ್ಷರದ ಮಾತು. ನಲಿ–ಕಲಿಯಲ್ಲಿ ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಊರಿನವರಿಗೆ ಇದು ಒಪ್ಪಿಗೆಯಾಗಲಿಲ್ಲ. ‘ನಮ್ಮ ಹುಡುಗನಿಗೆ ಅಆಇಈ ಬರಲ್ಲ, ಅದೇನು ರಗಸ ಕಲಿಸ್ತೀರಿ?’ ಎಂದು ಒಬ್ಬರು ಶಾಲೆಗೇ ಬಂದು ಕೇಳಿದರು. ಅವರ ಮಗನನ್ನೇ ಕರೆದು ಐದು ಅಕ್ಷರದ ಕಾರ್ಡು ಕೊಟ್ಟೆ. ಅವನು ನೆಲದ ಮೇಲೆ ‘ಸರ’ ಮಾಡಿದ, ಅದನ್ನು ಕೆಡಿಸಿ ‘ಅರಸ’ ಮಾಡಿದ, ‘ಅಗಸ’ ಮಾಡಿದ, ಪಕ್ಕದವಳ ಕಾರ್ಡುಗಳನ್ನೂ ಕೇಳಿ ತಂದು ‘ಗರಗಸ’ ಮಾಡಿದ. ತಂದೆ ಮರಗೆಲಸದವರು. ತಮ್ಮ ಕೈಯಲ್ಲಿ ದಿನವೂ ಆಡುವ ಸಾಮಾನಿನ ಹೆಸರು ಮಗನ ಕೈಯಿಂದ ನೆಲದ ಮೇಲೆ ಎದ್ದದ್ದನ್ನು ನೋಡಿ ಅವರು ಮತ್ತೇನೂ ಕೇಳಲಿಲ್ಲ. ಎರಡನೆಯ ಕಂತು ಸೇರಿದರೆ ಮರ, ವನ, ಜನ, ದನ, ಬಸವ ಎಲ್ಲ ಬರುತ್ತವೆ. ವರ್ಣಮಾಲೆಯ 49 ಅಕ್ಷರಗಳು ಮುಗಿಯಲಿ ಎಂದು ಕಾಯುವ ಮಗು ತಿಂಗಳುಗಟ್ಟಲೆ ಒಂದು ಪದವನ್ನೂ ಓದದೆ ಕಳೆಯುತ್ತದೆ. ವರ್ಣಮಾಲೆ ಬೇಡವೆಂದು ನಾನು ಹೇಳುತ್ತಿಲ್ಲ, ಅದರ ಜೋಡಣೆ ನಮ್ಮ ಹಿರಿಯರ ದೊಡ್ಡ ಬುದ್ಧಿ. ಅದು ಸ್ವಲ್ಪ ಆಮೇಲೆ ಬಂದರೂ ಕೆಡುವುದಿಲ್ಲ.

ಶಿಕ್ಷಕರ ಗುಂಪಿಗೆ ನಾನು ಐದಾರು ಮಕ್ಕಳಿಗಿಂತ ಹೆಚ್ಚು ಕರೆಯುತ್ತಿರಲಿಲ್ಲ. ಅರ್ಧಚಂದ್ರಾಕಾರದಲ್ಲಿ ಕೂತರೆ ಎಲ್ಲರ ಬೆರಳೂ ತುಟಿಯೂ ಒಂದೇ ನೋಟಕ್ಕೆ ಸಿಗಬೇಕು. ಗುಂಪಿನಲ್ಲಿ ನನ್ನದು ಒಂದೇ ಕಟ್ಟಳೆ: ಯಾರ ಬೆರಳು ಪದದ ಮೇಲಿದೆಯೋ ಪದ ಅವರದು. ಬೇರೆಯವರಿಗೆ ಗೊತ್ತಿದ್ದರೂ ಹೇಳಬಾರದು. ಚೂಟಿ ಮಕ್ಕಳಿಗೆ ಇದು ಬಲು ಕಷ್ಟ. ಬಾಯಿ ಮುಚ್ಚಿಕೊಂಡರೂ ಕಣ್ಣಲ್ಲೇ ಹೇಳಿಕೊಡುತ್ತಿದ್ದರು. ಆದರೆ ಆ ಕಾಯುವಿಕೆ ಇಲ್ಲದಿದ್ದರೆ ನಿಧಾನದ ಮಗು ಯಾವತ್ತೂ ಪದದ ಕೊನೆ ಮುಟ್ಟುವುದಿಲ್ಲ, ಅಷ್ಟರೊಳಗೆ ಇನ್ನೊಬ್ಬರ ಉತ್ತರ ಬಂದು ಅದರ ಕೆಲಸವನ್ನು ಕಿತ್ತುಕೊಂಡಿರುತ್ತದೆ.

ಹಾಗೆ ಕಾಯುತ್ತಾ ಕೂತಾಗ ಕೇಳಿಸುವುದು ಎಷ್ಟು! ಒಬ್ಬಳು ‘ಮರ’ವನ್ನು ‘ವರ’ ಅನ್ನುತ್ತಾಳೆ, ‘ಮ’ದ ಬಲಗಡೆಯ ಬಾಲ ಅವಳ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಇನ್ನೊಬ್ಬನಿಗೆ ‘ಪ’ ಮತ್ತು ‘ಷ’ ಒಂದೇ, ಹೊಟ್ಟೆಯೊಳಗಿನ ಗೆರೆ ಅವನಿಗೆ ಲೆಕ್ಕಕ್ಕಿಲ್ಲ. ಮತ್ತೊಬ್ಬನಿಗೆ ಬಿಡಿ ಅಕ್ಷರ ಎಲ್ಲ ಬರುತ್ತವೆ. ‘ಗ, ಮ, ನ’ ಎಂದು ಮೂರನ್ನೂ ಸರಿಯಾಗಿ ಹೇಳಿ, ಕೂಡಿಸು ಎಂದರೆ ‘ಮಗ’ ಎನ್ನುತ್ತಾನೆ, ಕೂಡಿಸುವ ಹೊತ್ತಿಗೆ ಮೊದಲಿನದು ಮರೆತು ಗೊತ್ತಿದ್ದ ಪದಕ್ಕೆ ಹಾರಿರುತ್ತಾನೆ. ಈ ಮೂವರಿಗೂ ‘ಓದಲು ಬರುವುದಿಲ್ಲ’ ಎಂಬ ಒಂದೇ ಷರಾ ಬರೆದರೆ ಮೂವರ ಕಷ್ಟವೂ ಹಾಗೇ ಉಳಿಯುತ್ತದೆ. ಒಬ್ಬಳಿಗೆ ಬೇಕಾದದ್ದು ಮಣ್ಣಿನಲ್ಲಿ ದೊಡ್ಡದಾಗಿ ‘ವ’ ಬರೆದು ಅದಕ್ಕೆ ಬಾಲ ಸೇರಿಸುವ ಆಟ. ಕೂಡಿಸಲು ಬಾರದವನಿಗೆ ಬೇಕಾದದ್ದು ಪುಸ್ತಕ ಮುಚ್ಚಿ, ಬರೀ ಬಾಯಲ್ಲಿ ಆಡುವ ಆಟ: ನಾನು ‘ಬ... ಸ... ವ’ ಎಂದು ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಅವನು ಹುಡುಕಿ ಕೂಗಬೇಕು. ಕಣ್ಣಿಗೆ ಮೊದಲು ಕಿವಿ ಪಳಗಬೇಕಾದ ಮಕ್ಕಳು ಎಷ್ಟೋ ಇದ್ದಾರೆ.

ಕಾಗುಣಿತಕ್ಕೆ ಬಂದರೆ ಕಥೆ ಇನ್ನೂ ದೊಡ್ಡದು. 34 ವ್ಯಂಜನಗಳಿಗೆ ಸ್ವರ ಸೇರಿದರೆ ನಾನೂರು ದಾಟುವ ರೂಪಗಳು. ರಾಗದಲ್ಲಿ ‘ಕ’ದಿಂದ ‘ಕೌ’ವರೆಗೆ ತಡೆಯದೆ ಹೇಳುವ ಮಗು ‘ಕೀಲಿ’ ಎಂಬ ಎರಡಕ್ಷರದ ಪದದ ಮುಂದೆ ನಿಂತುಬಿಡುತ್ತದೆ. ದೀರ್ಘದ ಗುರುತನ್ನು ಬಿಟ್ಟು ‘ಮೀನು’ ಎಂಬುದನ್ನು ‘ಮಿನು’ ಎಂದು ಓದುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಒತ್ತಕ್ಷರಗಳಲ್ಲಿ ಅಕ್ಕ, ಅಜ್ಜ, ಅಪ್ಪ ಬೇಗ ಬರುತ್ತಾರೆ, ಅಲ್ಲಿ ಒತ್ತು ಎಂದರೆ ಅದೇ ಅಕ್ಷರದ ಚಿಕ್ಕ ರೂಪ. ಅಮ್ಮ ತಡ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲದ ಹೋಲಿಕೆ ಇಲ್ಲ. ‘ಅಮ್ಮ’ ಬರೆ ಎಂದರೆ ಕೆಳಗೆ ಇಡೀ ‘ಮ’ವನ್ನೇ ಚಿಕ್ಕದಾಗಿ ಬರೆದುಕೊಟ್ಟ ಮಕ್ಕಳನ್ನು ನಾನು ಬೆನ್ನು ತಟ್ಟಿಯೇ ಮುಂದೆ ಕಳಿಸಿದ್ದೇನೆ. ಅವರು ನಿಯಮವನ್ನು ಸರಿಯಾಗಿಯೇ ಹಿಡಿದಿದ್ದರು, ಹೊರತಾದದ್ದು ಅಕ್ಷರ. ಎಲ್ಲಕ್ಕಿಂತ ತೊಡಕಿನದು ಅರ್ಕಾವೊತ್ತು. ‘ಸೂರ್ಯ’ದಲ್ಲಿ ಕಣ್ಣಿಗೆ ಮೊದಲು ಸಿಗುವುದು ‘ಯ’, ಬಾಯಿಗೆ ಮೊದಲು ಬರಬೇಕಾದದ್ದು ‘ರ್’. ಮಕ್ಕಳು ‘ಸೂಯ್ರ’ ಎನ್ನುತ್ತಾರೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದ್ದಾರೆ, ಇನ್ನೇನು ಮಾಡಬೇಕಿತ್ತು?

ಬೆಂಗಳೂರಿನ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರ ತಮ್ಮ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವುದು ನಿಧಾನದ ಕೆಲಸ, ಅದು ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯ ಆಚೆಗೂ ಚಾಚುತ್ತದೆ ಎಂದು ತೋರಿಸಿದ್ದಾರೆ. ತರಬೇತಿಯೊಂದರಲ್ಲಿ ಈ ವಿಷಯ ಕೇಳಿದಾಗ ನನ್ನ ಪಕ್ಕ ಕೂತಿದ್ದ ಹಿರಿಯ ಶಿಕ್ಷಕಿ ‘ಇದನ್ನ ಯಾರಾದ್ರೂ ಮೊದಲೇ ಹೇಳಿದ್ರೆ ಎಷ್ಟು ಮಕ್ಕಳಿಗೆ ಏಟು ತಪ್ತಿತ್ತು’ ಎಂದರು. ಒಂದನೇ ತರಗತಿ ಮುಗಿಯುವುದರೊಳಗೆ ಎಲ್ಲವೂ ಬಂದಿರಬೇಕು ಎಂಬ ಆತುರ ನಮ್ಮ ಲಿಪಿಯ ಸ್ವಭಾವಕ್ಕೆ ಹೊಂದುವುದೇ ಇಲ್ಲ.

ತಪ್ಪು ಯಾವುದು, ತಪ್ಪಲ್ಲದ್ದು ಯಾವುದು ಎಂದು ಬಿಡಿಸುವುದಕ್ಕೂ ಸಣ್ಣ ಗುಂಪೇ ಬೇಕು. ನಮ್ಮ ಕಡೆ ಮನೆಮಾತಿನಲ್ಲಿ ‘ಹ’ ಇಲ್ಲ. ಆಲು, ಅಸು, ಆವು. ‘ಹಾಲು’ ಕಾರ್ಡನ್ನು ನಮ್ಮ ಹುಡುಗನೊಬ್ಬ ‘ಆಲು’ ಎಂದು ಓದಿದಾಗ ಶಾಲೆ ನೋಡಲು ಬಂದಿದ್ದವರೊಬ್ಬರು ‘ಆಲು ಅಲ್ಲ, ಹಾಲು, ಹಾಲು’ ಎಂದು ಎಲ್ಲರ ಮುಂದೆ ಮೂರು ಸಲ ಹೇಳಿಸಿದರು. ಹುಡುಗ ಆ ವಾರವೆಲ್ಲ ಗುಂಪಿಗೆ ಬರಲಿಲ್ಲ. ಆಮೇಲೆ ಅವನ ಮುಂದೆ ‘ಹಸು’, ‘ಅಸು’ ಎಂದು ಎರಡು ಚೀಟಿ ಬರೆದಿಟ್ಟು, ‘ಹಸು’ವಿನ ಮೊದಲಕ್ಷರ ಯಾವುದರಲ್ಲಿದೆ ತೋರಿಸು ಎಂದೆ. ತಟ್ಟನೆ ಸರಿಯಾದದ್ದನ್ನೇ ಎತ್ತಿಕೊಟ್ಟ, ಬಾಯಲ್ಲಿ ಮಾತ್ರ ‘ಅಸು’ ಎಂದ. ಅವನ ಕಣ್ಣಿಗೆ ಅಕ್ಷರ ಬಂದಿತ್ತು, ನಾಲಿಗೆ ಅವನ ಅವ್ವನದು. ಓದುವ ಹೊತ್ತಿನಲ್ಲಿ ಮಗುವಿನ ಮನೆಮಾತನ್ನು ತಿದ್ದುವುದು ನನಗೆ ಯಾವತ್ತೂ ಸರಿ ಕಾಣಲಿಲ್ಲ. ಅದಕ್ಕೆ ಬೇರೆ ಹೊತ್ತು, ಬೇರೆ ಆಟ ಇವೆ.

ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಮಕ್ಕಳಿಗೆ ದೂರ ಇನ್ನೂ ಹೆಚ್ಚು. ಅವರ ಮನೆಯ ನುಡಿ ಬೇರೆ. ಒಬ್ಬ ಹುಡುಗಿ ತಿಂಗಳಾನುಗಟ್ಟಲೆ ಬಾಯಿ ಬಿಡಲಿಲ್ಲ. ಅವಳ ದೊಡ್ಡಪ್ಪನ ಮಗಳು ಎರಡನೇ ತರಗತಿಯಲ್ಲಿದ್ದಳು, ಇಬ್ಬರೂ ಒಂದೇ ಕೋಣೆ. ಕಾರ್ಡಿನ ಪದವನ್ನು ದೊಡ್ಡವಳು ಓದಿ ತಮ್ಮ ನುಡಿಯಲ್ಲಿ ಏನೋ ಹೇಳುವಳು, ಚಿಕ್ಕವಳು ನಗುವಳು. ಅದು ಗೆಳೆಯರ ನೆರವಿನ ಗುಂಪು. ಅದರಲ್ಲಿ ನನಗೆ ಕೆಲಸವೇ ಇರಲಿಲ್ಲ, ಇದ್ದಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ಚಿಕ್ಕವಳು ಮೊದಲ ಸಲ ಗಟ್ಟಿಯಾಗಿ ಓದಿದ್ದು ಆ ಅಕ್ಕನ ಎದುರು, ನಾನು ಇನ್ನೊಂದು ಗುಂಪಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಗ.

ಇಷ್ಟೆಲ್ಲ ಹೇಳಿದ ಮೇಲೆ ನಲಿ–ಕಲಿಯಲ್ಲಿ ನನಗೆ ಸಾಲದೆನಿಸಿದ್ದನ್ನೂ ಹೇಳಬೇಕು. ಕಾರ್ಡಿನಿಂದ ಕಾರ್ಡಿಗೆ ಹೋಗುವ ಓದಿನಲ್ಲಿ ಕಥೆ ಕಡಿಮೆ. ಪದ ಬಂತು, ವಾಕ್ಯ ಬಂತು, ಆದರೆ ಮುಂದೇನಾಯಿತು ಎಂಬ ಕುತೂಹಲ ಹುಟ್ಟಿಸುವುದು ಯಾವಾಗ? ಅದಕ್ಕೆ ನಾನು ಎರಡು ದಾರಿ ಮಾಡಿಕೊಂಡಿದ್ದೆ. ಒಂದು, ದಿನವೂ ಮಧ್ಯಾಹ್ನದ ಊಟದ ನಂತರ ಗುಂಪಿಗೊಂದು ಕಥೆಪುಸ್ತಕ. ಮೊದಮೊದಲು ಸಿಗುತ್ತಿದ್ದದ್ದು ನ್ಯಾಷನಲ್ ಬುಕ್ ಟ್ರಸ್ಟಿನ ಕೆಲವು ಚಿತ್ರಪುಸ್ತಕಗಳು. 2004ರಲ್ಲಿ ಪ್ರಥಮ್ ಬುಕ್ಸ್ ಶುರುವಾದ ಮೇಲೆ ಪುಟಕ್ಕೆ ಒಂದೆರಡೇ ಸಾಲಿನ, ದೊಡ್ಡ ಚಿತ್ರದ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಕೈಗೆ ಬಂದವು. ಒಂದು ಮಗು ಹಿಡಿದು ನಾಲ್ವರು ಇಣುಕುವ ಓದಿಗೆ ಇಂಥ ಪುಸ್ತಕವೇ ಸರಿ.

ಇನ್ನೊಂದು, ಮಕ್ಕಳ ಮಾತನ್ನೇ ಬರೆದುಕೊಡುವುದು. ‘ಇವತ್ತು ನಿಮ್ಮನೇಲಿ ಏನಾಯ್ತು?’ ಎಂದು ಕೇಳುತ್ತಿದ್ದೆ. ಒಬ್ಬಳು ‘ನಮ್ಮವ್ವ ಅತ್ತಿ ಬಿಡ್ಸಕೋಗವ್ಳೆ’ ಎಂದರೆ ಹಾಗೇ, ಅವಳ ಬಾಯಿಂದ ಬಂದ ಹಾಗೇ, ಹಲಗೆಯ ಮೇಲೆ ಬರೆದೆ. ಅವಳು ಅದನ್ನು ಓದಿದಳು, ಓದದೆ ಏನು ಮಾಡುತ್ತಾಳೆ, ತನ್ನದೇ ಮಾತು. ಮತ್ತೆ ಗುಂಪಿನವರೆಲ್ಲ ‘ನಂದು ಬರೀರಿ, ನಂದು ಬರೀರಿ.’ ಇದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪ ಬಂತು: ‘ತಪ್ಪು ಕನ್ನಡ ಬರೆದು ತೋರಿಸ್ತೀರಲ್ಲ.’ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ನನ್ನ ನಿಲುವು ಬದಲಾಗಲಿಲ್ಲ. ತಾನು ಆಡುವ ಮಾತು ಬರಹವಾಗುತ್ತದೆ, ಆ ಬರಹ ಮತ್ತೆ ಮಾತಾಗುತ್ತದೆ ಎಂಬ ನಂಟು ಮೊದಲು ಮನಸ್ಸಿಗೆ ಹೊಳೆಯಬೇಕು. ‘ಹತ್ತಿ ಬಿಡಿಸಲು ಹೋಗಿದ್ದಾಳೆ’ ಎಂಬ ಪುಸ್ತಕದ ರೂಪ ಎರಡನೇ ತರಗತಿಯ ಹೊತ್ತಿಗೆ ಓದುತ್ತ ಓದುತ್ತ ತಾನೇ ಬರುತ್ತದೆ. ಬಂತು ಕೂಡ.

2009–10ರಲ್ಲಿ ನಲಿ–ಕಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಹರಡಿತು. ಮರುವರ್ಷ ಮೂರನೇ ತರಗತಿಯೂ ಸೇರಿತು. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು ಇಡೀ ನಾಡಿಗೆ ಹೋಯಿತೆಂದು ಹೆಮ್ಮೆಯಾಯಿತು. ಅಷ್ಟರಲ್ಲಿ ನಾನು ನಂಜನಗೂಡು ತಾಲ್ಲೂಕಿಗೆ ವರ್ಗವಾಗಿ ಬಂದಿದ್ದೆ. ಅಲ್ಲಿ ಕಂಡದ್ದು ನೋವನ್ನೂ ತಂದಿತು. ತಾವೇ ಕಾರ್ಡು ಬರೆದ ಶಿಕ್ಷಕರಿಗೆ ಅದರ ಹಿಂದಿನ ಯೋಚನೆ ಗೊತ್ತಿತ್ತು. ಅಚ್ಚಾದ ಕಾರ್ಡಿನ ಪೆಟ್ಟಿಗೆ ಬಂದು ಬಿದ್ದ ಶಾಲೆಗಳಲ್ಲಿ ಅದನ್ನು ಯಾರು ಹೇಳಬೇಕು? ಮೂರು ತರಗತಿ ಒಟ್ಟಿಗೆ, ಒಬ್ಬರೇ ಶಿಕ್ಷಕಿ, ನಡುವೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಪಟ್ಟಿ, ತುಂಬಬೇಕಾದ ನಮೂನೆಗಳು. ಎಷ್ಟೋ ಕಡೆ ಗುಂಪುಗಳು ಗೋಡೆಯ ಪಟ್ಟಿಯಲ್ಲಿ ಮಾತ್ರ ಉಳಿದವು, ಮಕ್ಕಳು ಕಾರ್ಡು ನೋಡಿ ನಕಲು ಮಾಡುವುದು ಸ್ವಕಲಿಕೆ ಅನ್ನಿಸಿಕೊಂಡಿತು, ಮತ್ತೆ ಆ ಹಳೆಯ ರಾಗ ಕೋಣೆಗೆ ಬಂತು. ಇದನ್ನು ಶಿಕ್ಷಕರ ಸೋಮಾರಿತನ ಅನ್ನುವವರ ಜೊತೆ ನಾನು ಜಗಳವಾಡಿದ್ದೇನೆ. ಒಂದು ಮಗುವಿನ ಓದನ್ನು ಕೇಳಲು ಹೊತ್ತು ಬೇಕು. ಆ ಹೊತ್ತನ್ನು ಬೇರೆ ಕೆಲಸಗಳಿಗೆ ಹಂಚಿಬಿಟ್ಟು ಓದು ಬರಲಿಲ್ಲ ಎಂದು ಶಿಕ್ಷಕಿಯನ್ನು ನಿಲ್ಲಿಸಿ ಕೇಳುವುದು ನ್ಯಾಯವಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಕೋಣೆಗೆ ಇಬ್ಬರು ಬೇಕು ಎಂದು ನಾನು ಸಭೆ ಸಿಕ್ಕಲ್ಲೆಲ್ಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಶಾಲೆ ಮುಚ್ಚಿತು. ಆ ಆಗಸ್ಟಿನಲ್ಲಿ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮ ಬಂದಾಗ ನಾವು ಮಕ್ಕಳಿದ್ದಲ್ಲಿಗೇ ಹೋದೆವು. ಅರಳಿಕಟ್ಟೆ, ದೇವಸ್ಥಾನದ ಪಡಸಾಲೆ, ಯಾರದೋ ದನದ ಕೊಟ್ಟಿಗೆಯ ಮುಂದಿನ ಜಗಲಿ. ಒಂದೊಂದು ಬೀದಿಗೆ ಒಂದೊಂದು ಪುಟ್ಟ ಗುಂಪು. ಮುಖಗವಸಿನ ಹಿಂದಿನ ತುಟಿ ಕಾಣುತ್ತಿರಲಿಲ್ಲ, ಹಾಗಾಗಿ ಬೆರಳನ್ನೇ ನೋಡಬೇಕಿತ್ತು. ಆ ಜಗಲಿಗಳಲ್ಲಿ ಒಂದು ಒಳ್ಳೆಯದಾಯಿತು. ತಾಯಂದಿರು ಬಾಗಿಲಲ್ಲಿ ನಿಂತು ಮಕ್ಕಳ ಓದನ್ನು ಕೇಳಿದರು. ‘ಯಾಕೆ ಮಿಸ್, ಹೇಳ್ಕೊಡದೆ ಸುಮ್ನೆ ಕೂತಿದೀರಿ?’ ಎಂದು ಕೇಳಿದವರೇ ಆಮೇಲೆ ಪಕ್ಕದ ಮನೆಯ ದೊಡ್ಡ ಹುಡುಗನಿಗೆ ‘ತಡಿಯೋ, ಅವನೇ ಹೇಳ್ಲಿ’ ಅನ್ನತೊಡಗಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮ ನಿಂತಿತು. ಮುಂದೆ ದೊಡ್ಡ ತರಗತಿಗಳು ಒಂದೊಂದಾಗಿ ತೆರೆದರೂ ಒಂದರಿಂದ ಐದನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು.

ಆ ದಿನ ಬಂದ ಎರಡನೇ ತರಗತಿಯವರು ಶಾಲೆಯ ಕೋಣೆಯನ್ನು ಮೊದಲ ಸಲ ನೋಡುತ್ತಿದ್ದರು. ಮೂರನೆಯವರು ಒಂದನೇ ತರಗತಿಯ ಕೊನೆಯಲ್ಲಿ ಹೋದವರು, ಬಂದದ್ದನ್ನು ಮರೆತಿದ್ದರು. ತರಗತಿಯ ಹೆಸರು ಬದಿಗಿಟ್ಟು, ಒಬ್ಬೊಬ್ಬರನ್ನೇ ಕರೆದು ಓದಿಸಿ, ಯಾರು ಎಲ್ಲಿ ನಿಂತಿದ್ದಾರೋ ಅಲ್ಲಿಂದ ಗುಂಪು ಮಾಡಿದೆ. ಅಕ್ಷರದಲ್ಲಿ ನಿಂತವರು, ಪದದಲ್ಲಿ ನಿಂತವರು, ಸಣ್ಣ ವಾಕ್ಯ ಓದಬಲ್ಲವರು. ಉದ್ದುದ್ದ ಬೆಳೆದ ಮೂರನೇ ತರಗತಿಯ ಹುಡುಗರು ‘ರ ಗ ಸ’ ಕಾರ್ಡು ಹಿಡಿಯಲು ನಾಚಿದರು. ಅವರಿಗೊಂದು ಕೆಲಸ ಕೊಟ್ಟೆ: ಮಾರನೆಯ ದಿನ ಒಂದನೇ ತರಗತಿಯವರಿಗೆ ಕಥೆ ಓದಿ ಹೇಳಬೇಕು, ಅದಕ್ಕೆ ಇವತ್ತು ತಯಾರಾಗಬೇಕು. ಪುಟಕ್ಕೆ ಒಂದು ಸಾಲಿನ ಪುಸ್ತಕ. ಚಿಕ್ಕವರಿಗೆ ಓದಿ ಹೇಳಬೇಕಾದರೆ ಮೊದಲು ತಾನು ಓದಬೇಕಲ್ಲ. ಆ ಹುಡುಗರು ಬಿಡುವಿನ ಹೊತ್ತಿನಲ್ಲೂ ಹುಣಸೆಮರದ ಕೆಳಗೆ ಕೂತು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತಿರುವಿದರು.

ನನ್ನ ಸೇವೆ ಮುಗಿದದ್ದು ಆ ಶೈಕ್ಷಣಿಕ ವರ್ಷದ ಕೊನೆಗೆ. ಹೆಚ್ಚಿನವರು ವಾಕ್ಯಕ್ಕೆ ಬಂದಿದ್ದರು, ಕೆಲವರು ಬಂದಿರಲಿಲ್ಲ. ನನ್ನ ಜಾಗಕ್ಕೆ ಬರಲಿದ್ದ ಶಿಕ್ಷಕಿಗೆ ಒಂದು ನೋಟುಪುಸ್ತಕ ಬರೆದಿಟ್ಟೆ, ಮಗುವಿಗೊಂದು ಪುಟ. ಮೂರನೇ ತರಗತಿಯ ಒಬ್ಬ ಹುಡುಗನ ಪುಟದಲ್ಲಿ ಹೀಗಿತ್ತು: ‘ಗುಣಿತ ಎಲ್ಲ ಬರುತ್ತದೆ, ದೀರ್ಘ ಆಗಾಗ ಬಿಡುತ್ತಾನೆ. ಒತ್ತಿನಲ್ಲಿ ತ, ಲ, ಮ ಬಂದಿವೆ. ರ ಒತ್ತಿಗೂ ಅರ್ಕಾವೊತ್ತಿಗೂ ಇನ್ನೂ ಗೊಂದಲ, ‘ಚಕ್ರ’, ‘ಅರ್ಕ’ ಎರಡನ್ನೂ ಜೊತೆಗಿಟ್ಟು ಓದಿಸಿ. ಹ ಕಾರ ನಾಲಿಗೆಗೆ ಬರುವುದಿಲ್ಲ, ಕಣ್ಣಿಗೆ ಬಂದಿದೆ, ಬಿಟ್ಟುಬಿಡಿ. ಆನೆಯ ಕಥೆ ಕೊಟ್ಟರೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ. ಉತ್ತರಕ್ಕೆ ತಡವಾಗುತ್ತದೆ. ಪಕ್ಕದಲ್ಲಿ ಕೂರುವ ಹುಡುಗಿ ಬೇಗ ಹೇಳಿಬಿಡುತ್ತಾಳೆ, ಅವಳನ್ನು ಸ್ವಲ್ಪ ದೂರ ಕೂರಿಸಿ.’